ವಿದ್ಯಾದಾಸೋಹಿ ಶಾಹು ಮಹಾರಾಜರು

ಅನ್ನದಾನವು ಒಂದು ಹೊತ್ತಿನ ಹಸಿವನ್ನು ಹಿಂಗಿಸುವುದು, ವಿದ್ಯಾದಾನವು ಜೀವಮಾನದ ಹಸಿವನ್ನು ಹಿಂಗಿಸುವುದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆದರೆ ಹಸಿದು ಬಂದವನನ್ನು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸಿ, ಒಳಗೆ ಎಷ್ಟು ಎಡೆ ಬಡಿಸಿದರೂ ಅದರಿಂದ ಫಲವೇನು? ವಿದ್ಯೆಯ ಸಂಗತಿಯೂ ಹೀಗೆಯೇ ಇರುವುದು. ಊರಲ್ಲಿ ಶಾಲೆಯೊಂದಿದ್ದರೂ ಬಡವನ ಮಗನಿಗೆ ಉಣ್ಣಲು ಅನ್ನವಿಲ್ಲದಿದ್ದರೆ, ಇರಲು ನೆಲೆಯಿಲ್ಲದಿದ್ದರೆ, ಊರ ಬಾವಿಯ ನೀರನ್ನು ಮುಟ್ಟಲು ಅಧಿಕಾರವಿಲ್ಲದಿದ್ದರೆ ಆ ಶಾಲೆಯು ಅವನ ಪಾಲಿಗೆ ಗೋಡೆಯ ಮೇಲೆ ಬರೆದ ದೀಪದಂತಾಗುವುದು. ವಿದ್ಯೆಯನ್ನು ಹಂಚುವ ಕಾರ್ಯವೂ ಮೇಲು ಕೀಳುಗಳನ್ನು ಅಳಿಸುವ ಕಾರ್ಯವೂ ಒಂದೇ ನೊಗಕ್ಕೆ ಹೂಡಿದ ಜೋಡಿ ಎತ್ತುಗಳು. ಒಂದು ನಿಂತರೆ ಇನ್ನೊಂದು ಮುಂದೆ ಸಾಗದು.

ಈ ಮರ್ಮವನ್ನು ಅನುಭವದಿಂದ ಅರಿತು, ತಮ್ಮ ಬೊಕ್ಕಸವನ್ನೂ ಅಧಿಕಾರವನ್ನೂ ಅದಕ್ಕಾಗಿಯೇ ಸವೆಸಿದ ಅರಸರು ವಿರಳ. ಅಂತಹ ವಿರಳರಲ್ಲಿ ಕೊಲ್ಹಾಪುರದ ಶ್ರೀ ಶಾಹು ಛತ್ರಪತಿ ಮಹಾರಾಜರು ಅಗ್ರಗಣ್ಯರು. ಅವರು ಬಾಳಿದ್ದು 47 ವರ್ಷ, ಆಳಿದ್ದು 28 ವರ್ಷ. ಅವರ ಸಂಸ್ಥಾನವೂ ದೊಡ್ಡದಲ್ಲ. ಆಂಗ್ಲ ಪ್ರಭುತ್ವದ ಮೇಲ್ವಿಚಾರಣೆಯಲ್ಲಿದ್ದ ಒಂದು ಮಧ್ಯಮ ಪ್ರಮಾಣದ ರಾಜ್ಯವದು. ಆದರೂ ಅಲ್ಲಿ ನಡೆದ ಕಾರ್ಯವು ಮುಂದೆ ಸಮಗ್ರ ಭಾರತಕ್ಕೆ ಮೇಲ್ಪಂಕ್ತಿಯಾಯಿತು.

ಕನ್ನಡಿಗರಿಗೆ ಅವರು ಹೊರಗಿನವರೂ ಅಲ್ಲ. ಅವರ ತಾಯಿಯ ತವರುಮನೆ ನಮ್ಮ ಮುಧೋಳದ ರಾಜಮನೆತನ. ಅವರ ವಿದ್ಯಾಭ್ಯಾಸದ ಮುಖ್ಯ ಭಾಗವು ನಡೆದುದು ಧಾರವಾಡದಲ್ಲಿ. ರಾಯಬಾಗ, ಕಟಕೋಳ ಮೊದಲಾದ ಕನ್ನಡ ಭಾಗಗಳು ಅವರ ಸಂಸ್ಥಾನಕ್ಕೆ ಸೇರಿದ್ದವು. ವೀರಶೈವ ಸಮಾಜದ ಬಡ ಬಾಲಕರಿಗೆ ಕೊಲ್ಹಾಪುರ ನಗರದಲ್ಲಿ ವಿದ್ಯಾರ್ಥಿನಿಲಯವಾದುದೂ ಅವರ ಆಶ್ರಯದಲ್ಲಿಯೇ. ಆದುದರಿಂದ ಆ ಪುಣ್ಯಪುರುಷರ ಜೀವನವನ್ನು ಸಂಸಾರಿಗಳಾದ ನಾವು ಆಗಾಗ ಮನನ ಮಾಡುವುದು ಯುಕ್ತವಾಗಿದೆ.

ಜನನ ಮತ್ತು ಬಾಲ್ಯ

ಶಾಹು ಮಹಾರಾಜರು 1874ನೆಯ ಇಸವಿ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ಆಗ ಅವರಿಗಿಟ್ಟ ಹೆಸರು ಯಶವಂತರಾವ. ತಂದೆ ಜಯಸಿಂಗರಾವ ಉರುಫ್ ಅಪ್ಪಾಸಾಹೇಬರು, ತಾಯಿ ರಾಧಾಬಾಯಿಯವರು. ಮಗುವಿನ ಎಳವೆಯಲ್ಲಿಯೇ ತಾಯಿಯವರು ತೀರಿಕೊಂಡರು. ಕೊಲ್ಹಾಪುರದ ಗಾದಿಯಲ್ಲಿದ್ದ ಶಿವಾಜಿ ಮಹಾರಾಜರು 1883ರಲ್ಲಿ ಸಂತಾನವಿಲ್ಲದೆ ಕಾಲವಾಗಲು, ಅವರ ರಾಣಿ ಆನಂದಿಬಾಯಿಯವರು 1884ರ ಮಾರ್ಚ್ 17ರಂದು ಈ ಬಾಲಕನನ್ನು ದತ್ತಕ ತೆಗೆದುಕೊಂಡರು. ಹತ್ತು ವರ್ಷ ತುಂಬುವ ಮುನ್ನವೇ ಯಶವಂತರಾವ ಎಂಬ ಹುಡುಗನು ಶಾಹು ಛತ್ರಪತಿಯಾದನು. ಮುಂದೆ ಎರಡೇ ವರ್ಷಗಳಲ್ಲಿ ಹೆತ್ತ ತಂದೆಯೂ ಅಗಲಿದರು. ಅರಮನೆಯ ವೈಭವದ ನಡುವೆ ಆ ಬಾಲಕನು ತಬ್ಬಲಿಯಾಗಿಯೇ ಬೆಳೆದನು.

1885ರಿಂದ ಕೆಲವು ವರ್ಷ ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಓದಿ, 1890ರಲ್ಲಿ ಅವರು ಧಾರವಾಡಕ್ಕೆ ಬಂದರು. ಅಲ್ಲಿ ಸ್ಟುವರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯು ಅವರಿಗೆ ಗುರುವಾದನು. ಇದೇ ಫ್ರೇಜರನು ತರುವಾಯ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಪಾಠ ಹೇಳಿದನೆಂಬುದು ಗಮನಾರ್ಹ. ಧಾರವಾಡದ ನಾಲ್ಕು ವರ್ಷಗಳಲ್ಲಿ ಶಾಹು ಮಹಾರಾಜರು ಇಂಗ್ಲಿಷು, ಇತಿಹಾಸ, ರಾಜ್ಯವ್ಯವಹಾರಗಳನ್ನು ಕಲಿತರು. ನಡುನಡುವೆ ದೇಶಸಂಚಾರವನ್ನೂ ಮಾಡಿದರು. 1891ರಲ್ಲಿ ಬಡೋದೆಯ ಖಾನವಿಲಕರ ಮನೆತನದ ಲಕ್ಷ್ಮೀಬಾಯಿಯವರೊಡನೆ ಅವರ ವಿವಾಹವಾಯಿತು. 1894ರ ಏಪ್ರಿಲ್ 2ರಂದು ಇಪ್ಪತ್ತರ ಹರೆಯದ ಅರಸರು ರಾಜ್ಯದ ಪೂರ್ಣಾಧಿಕಾರವನ್ನು ಕೈಗೆ ತೆಗೆದುಕೊಂಡರು.

ಮೈಕಟ್ಟಿನಲ್ಲಿ ಅವರು ಭೀಮಕಾಯರು, ಕುಸ್ತಿಯನ್ನು ಬಲ್ಲವರು, ಕುಸ್ತಿಪಟುಗಳಿಗೆ ಆಶ್ರಯದಾತರು. ನಡೆನುಡಿಯಲ್ಲಿ ಮಾತ್ರ ಬಹು ಸರಳರು. ಹಳ್ಳಿಯ ಒಕ್ಕಲಿಗನೊಡನೆ ಅವನ ಮಾತಿನಲ್ಲಿಯೇ ಮಾತನಾಡಿ ಅವನ ಕಷ್ಟಸುಖಗಳನ್ನು ತಿಳಿದುಕೊಳ್ಳುವುದು ಅವರಿಗೆ ಸಹಜವಾಗಿದ್ದಿತು. ಅವರ ಮುಂದಿನ ಕಾರ್ಯಕ್ಕೆಲ್ಲ ಈ ಗುಣವೇ ಬೀಜವೆನ್ನಬಹುದು.

ಅರಸರು ಕಂಡ ವಿಷಮತೆ

ಅಧಿಕಾರ ವಹಿಸಿಕೊಂಡ ಕೂಡಲೇ ಅವರ ಕಣ್ಣಿಗೆ ಬಿದ್ದ ಸ್ಥಿತಿಯು ವಿಚಿತ್ರವಾಗಿದ್ದಿತು. 1894ರಲ್ಲಿ ಸಂಸ್ಥಾನದ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಹುದ್ದೆಗಳು ಒಂದೇ ಸಮಾಜದವರಾದ ಬ್ರಾಹ್ಮಣರ ಕೈಯಲ್ಲಿದ್ದವು. 500 ಕಾರಕೂನ ಕೆಲಸಗಳಲ್ಲಿ ಬ್ರಾಹ್ಮಣೇತರರು ಹತ್ತೇ ಜನ. ಹೊಲ ಉತ್ತು ಕಂದಾಯ ತೆರುವವರು, ನೂಲುವವರು, ನೇಯುವವರು, ಊರು ಕಾಯುವವರು ಇವರೆಲ್ಲ ಪ್ರಜೆಗಳಲ್ಲಿ ಬಹುಭಾಗವಾಗಿದ್ದರೂ ಕಚೇರಿಯ ಒಳಗೆ ಅವರವರೆಂಬವರು ಯಾರೂ ಇರಲಿಲ್ಲ. ತನ್ನ ಅರ್ಜಿಯಲ್ಲಿ ಏನು ಬರೆದಿದೆಯೆಂಬುದನ್ನೂ ಓದಲಾರದ ರೈತನು ಓದಬಲ್ಲವನ ಕೈಗೊಂಬೆಯಾಗಿದ್ದನು.

ಇದಕ್ಕೆ ಕಾರಣವೇನು? ಒಕ್ಕಲು ಮಕ್ಕಳಿಗೆ ಬುದ್ಧಿಯಿಲ್ಲವೆಂದು ಹೇಳುವವರು ಆಗ ಬಹಳ ಜನವಿದ್ದರು. ಅರಸರು ಆ ಮಾತನ್ನು ಒಪ್ಪಲಿಲ್ಲ. ಬ್ರಾಹ್ಮಣರ ಮನೆಗಳಲ್ಲಿ ತಲೆತಲಾಂತರದಿಂದ ಅಕ್ಷರಾಭ್ಯಾಸವಿದ್ದುದರಿಂದ ಹೊಸ ಶಿಕ್ಷಣವೂ ಅವರಿಗೆ ಬೇಗನೆ ದಕ್ಕಿತು. ಉಳಿದವರ ಮನೆಯಲ್ಲಿ ಅಕ್ಷರವೇ ಇರಲಿಲ್ಲ. ಒಂದು ಹೊಲಕ್ಕೆ ಮೂರು ತಲೆಮಾರು ಗೊಬ್ಬರ ಹಾಕಿ, ಇನ್ನೊಂದನ್ನು ಬೀಳು ಬಿಟ್ಟು, ಬಳಿಕ ಎರಡರ ಬೆಳೆಯನ್ನು ಹೋಲಿಸಿ ಮಣ್ಣಿನ ಗುಣವನ್ನು ಹಳಿಯುವುದು ನ್ಯಾಯವೇ? ದೋಷವು ಮಣ್ಣಿನದಲ್ಲ, ಸಾಗುವಳಿಯದು ಎಂಬುದು ಅರಸರ ನಿಶ್ಚಯವಾಗಿದ್ದಿತು.

ಇಷ್ಟರಲ್ಲಿ ಅವರ ಮನಸ್ಸನ್ನು ಆಳವಾಗಿ ಕಲಕಿದ ಘಟನೆಯೊಂದು ನಡೆಯಿತು. 1899ರ ಕಾರ್ತಿಕ ಮಾಸದಲ್ಲಿ ಮಹಾರಾಜರು ಪಂಚಗಂಗಾ ನದಿಯಲ್ಲಿ ಸ್ನಾನಕ್ಕೆ ಹೋಗುತ್ತಿದ್ದಾಗ, ಪುರೋಹಿತನು ವೇದಮಂತ್ರಗಳನ್ನು ಬಿಟ್ಟು ಪುರಾಣೋಕ್ತ ಮಂತ್ರಗಳನ್ನಷ್ಟೇ ಹೇಳುತ್ತಿದ್ದುದು ಬೆಳಕಿಗೆ ಬಂದಿತು. ಅರಸರನ್ನು ಶೂದ್ರರೆಂದೆಣಿಸಿ, ವೇದೋಕ್ತ ಕರ್ಮಕ್ಕೆ ಅವರು ಅಧಿಕಾರಿಗಳಲ್ಲವೆಂದು ಆತನು ಭಾವಿಸಿದ್ದನು. ಇದರಿಂದೆದ್ದ ವೇದೋಕ್ತ ವಿವಾದವು ಹಲವು ವರ್ಷ ಮಹಾರಾಷ್ಟ್ರವನ್ನೆಲ್ಲ ಕದಡಿತು. ಅರಮನೆಯ ಪುರೋಹಿತರ ಇನಾಮುಗಳನ್ನು ಅರಸರು ಕಿತ್ತುಕೊಂಡರು. ಪತ್ರಿಕೆಗಳಲ್ಲಿ ಪರವಿರೋಧವಾಗಿ ಬಿರುಸಾದ ಚರ್ಚೆ ನಡೆಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ತನಗಾದ ಅಪಮಾನಕ್ಕೆ ಪ್ರತೀಕಾರ ಮಾಡಿ, ತನ್ನ ಕುಲದ ಹಿರಿಮೆಯನ್ನು ಸ್ಥಾಪಿಸಿಕೊಂಡು ಸುಮ್ಮನಾಗುವುದು ಅರಸನಿಗೆ ಸುಲಭ. ಶಾಹು ಮಹಾರಾಜರು ಅಲ್ಲಿಗೆ ನಿಲ್ಲಲಿಲ್ಲ. ಸಿಂಹಾಸನದ ಮೇಲಿದ್ದವನಿಗೇ ಇಂತಹ ನೋವಾದರೆ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು ದಿನದಿನವೂ ಉಣ್ಣುತ್ತಿರುವ ನೋವು ಎಷ್ಟಿದ್ದೀತೆಂದು ಅವರು ಎಣಿಕೆ ಹಾಕಿದರು. ತಮ್ಮ ಗಾಯವನ್ನು ಅಳತೆಗೋಲಾಗಿಸಿಕೊಂಡು ಪರರ ಗಾಯವನ್ನು ಅಳೆದುದರಲ್ಲಿಯೇ ಅವರ ದೊಡ್ಡತನವಿರುವುದು.

ವಿದ್ಯಾರ್ಥಿನಿಲಯಗಳು

ವಿದ್ಯಾಪ್ರಸಾರದ ಕಾರ್ಯದಲ್ಲಿ ಅವರಿಗೆ ಮೊದಲ ಪಾಠವನ್ನು ಕಲಿಸಿದುದು ಒಂದು ಸೋಲು. 1896ರಲ್ಲಿ ಕೊಲ್ಹಾಪುರದಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳಿಗೂ ಸೇರಿ ಒಂದು ನಿಲಯವನ್ನು ತೆರೆಯಲಾಯಿತು. ಬಾಗಿಲೇನೋ ಎಲ್ಲರಿಗೂ ತೆರೆದಿದ್ದಿತು. ಆದರೆ ವ್ಯವಸ್ಥೆಯು ಮುಂದುವರಿದವರ ಕೈಯಲ್ಲಿದ್ದುದರಿಂದ, ಕೆಲಕಾಲದಲ್ಲಿಯೇ ಅದು ಅವರ ಮಕ್ಕಳ ನಿಲಯವಾಗಿಯೇ ಉಳಿಯಿತು. ಹಳ್ಳಿಯ ಒಕ್ಕಲು ಹುಡುಗರು ಅಲ್ಲಿಗೆ ಕಾಲಿಡಲೇ ಇಲ್ಲ. ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ದೂರದವನು ಒಳಗೆ ಬರಲಾರನು, ಅವನಿದ್ದಲ್ಲಿಗೆ ಹೋಗಿ ಕೈಹಿಡಿದು ಕರೆತರಬೇಕು ಎಂಬುದನ್ನು ಅರಸರು ಇದರಿಂದ ಕಲಿತರು.

ಅಂದಿನಿಂದ ಅವರು ಬೇರೊಂದು ಮಾರ್ಗವನ್ನು ಹಿಡಿದರು. ಆಯಾ ಸಮಾಜದ ಮುಖಂಡರನ್ನು ಕರೆದು, ಅವರಿಂದಲೇ ನಿಲಯಗಳನ್ನು ಕಟ್ಟಿಸಿ, ಸಂಸ್ಥಾನದಿಂದ ಜಾಗೆಯನ್ನೂ ಧನಸಹಾಯವನ್ನೂ ಕೊಡುವ ಪದ್ಧತಿಯನ್ನು ಆರಂಭಿಸಿದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ನಿಲಯವೂ ಜೈನ ವಿದ್ಯಾರ್ಥಿಗಳ ನಿಲಯವೂ ಆದವು. 1906ರಲ್ಲಿ ಮುಸಲ್ಮಾನರಲ್ಲಿ ವಿದ್ಯಾಪ್ರಸಾರಕ್ಕಾಗಿ ಸಂಸ್ಥೆಯೊಂದು ಹುಟ್ಟಲು ಅದರ ಅಧ್ಯಕ್ಷತೆಯನ್ನು ಸ್ವತಃ ಮಹಾರಾಜರೇ ವಹಿಸಿದರು. 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿನಿಲಯವು ಸ್ಥಾಪನೆಯಾಯಿತು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಒಂದು ನಿಲಯವಾಯಿತು. ಆಗಿನ ಮುಂಬಯಿ ಗವರ್ನರನ ಮಗಳಾದ ಮಿಸ್ ಕ್ಲಾರ್ಕಳ ಹೆಸರನ್ನು ಅದಕ್ಕಿಟ್ಟರು. ಅನಂತರ ಸಿಂಪಿಗರು, ಅಕ್ಕಸಾಲಿಗರು, ಕ್ರೈಸ್ತರು, ಸಾರಸ್ವತರು ಹೀಗೆ ಒಬ್ಬೊಬ್ಬರಿಗಾಗಿ ನಿಲಯಗಳಾಗುತ್ತ, ಕೊಲ್ಹಾಪುರವು ವಿದ್ಯಾರ್ಥಿನಿಲಯಗಳ ಊರೆಂದೇ ಹೆಸರಾಯಿತು.

ಒಂದು ಪ್ರಸಾದನಿಲಯವು ಏನನ್ನು ಸಾಧಿಸುವುದೆಂಬುದನ್ನು ನಮ್ಮ ಮಠಗಳ ಸಂಪರ್ಕವಿದ್ದವರಿಗೆ ವಿವರಿಸಬೇಕಾಗಿಲ್ಲ. ಹಳ್ಳಿಯ ಶಾಲೆಯಲ್ಲಿ ನಾಲ್ಕು ಇಯತ್ತೆ ಮುಗಿಸಿದ ಹುಡುಗನು ಮುಂದೆ ಓದಬೇಕಾದರೆ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ಬಾಡಿಗೆ ಕೊಡಲು ಹಣವಿಲ್ಲ, ಬಂಧುಗಳ ಮನೆಯಿಲ್ಲ, ರಾತ್ರಿ ಓದಲು ದೀಪದ ಎಣ್ಣೆಯಿಲ್ಲ. ಶಾಲೆಯ ಫೀಯನ್ನು ಮನ್ನಾ ಮಾಡಿದರೂ ಈ ಮೂರು ಅಡ್ಡಿಗಳು ಹಾಗೆಯೇ ಉಳಿಯುವುವು. ನಿಲಯವಾದರೋ ಅನ್ನ, ನೆಲೆ, ಬೆಳಕು ಮೂರನ್ನೂ ಒಮ್ಮೆಗೆ ಕೊಡುವುದು. ಅದಲ್ಲದೆ ಹಿರಿಯ ಹುಡುಗನು ಕಿರಿಯನಿಗೆ ಪಾಠ ಹೇಳಿಕೊಡುವನು. ಓದಿ ಮುಂದೆ ಬಂದ ತನ್ನೂರಿನವನೊಬ್ಬನನ್ನು ಕಣ್ಣಾರೆ ಕಂಡ ಹುಡುಗನಿಗೆ ತನಗೂ ಅದು ಸಾಧ್ಯವೆಂಬ ಧೈರ್ಯ ಹುಟ್ಟುವುದು. ಶಾಲೆಯು ಅಕ್ಷರವನ್ನು ಕೊಟ್ಟರೆ ನಿಲಯವು ಆತ್ಮವಿಶ್ವಾಸವನ್ನು ಕೊಡುವುದು.

ಜಾತಿಗೊಂದು ನಿಲಯ ಮಾಡಿದರೆ ಜಾತಿಭೇದವು ಇನ್ನಷ್ಟು ಬೇರು ಬಿಡಲಾರದೇ ಎಂಬ ಆಕ್ಷೇಪವು ಅಂದೂ ಇದ್ದಿತು, ಇಂದೂ ಇದೆ. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಒಂದೇ ಪಂಕ್ತಿಯಲ್ಲಿ ಕೂಡ್ರುವುದನ್ನೇ ಜನರು ಒಪ್ಪದಿದ್ದ ಕಾಲವದು. ಪಂಕ್ತಿಯು ಒಂದಾಗುವವರೆಗೆ ಕಾದಿದ್ದರೆ ಎರಡು ತಲೆಮಾರಿನ ಮಕ್ಕಳು ಅನಕ್ಷರಸ್ಥರಾಗಿಯೇ ಉಳಿಯುತ್ತಿದ್ದರು. ಅರಸರಿಗೆ ನಿಲಯವು ಹತ್ತುವ ಮೆಟ್ಟಿಲಾಗಿತ್ತೇ ಹೊರತು ಸೇರುವ ಮನೆಯಾಗಿರಲಿಲ್ಲ. ಇದಕ್ಕೆ ಸಾಕ್ಷಿಯು ಅವರ ಮುಂದಿನ ನಡೆಯಲ್ಲಿಯೇ ಸಿಗುವುದು. ಅಸ್ಪೃಶ್ಯರ ಮಕ್ಕಳಿಗಾಗಿ ಬೇರೆಯಾಗಿ ನಡೆಯುತ್ತಿದ್ದ ಶಾಲೆಗಳನ್ನು ಅವರು 1919ರಲ್ಲಿ ಮುಚ್ಚಿಸಿ, ಆ ಮಕ್ಕಳನ್ನು ಎಲ್ಲರ ಶಾಲೆಗಳಲ್ಲಿ ಎಲ್ಲರೊಡನೆ ಕೂಡ್ರಿಸಲು ಆಜ್ಞೆ ಮಾಡಿದರು.

ಓದಿದವನಿಗೆ ಉದ್ಯೋಗ

1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ನಿಮಿತ್ತ ಮಹಾರಾಜರು ಇಂಗ್ಲೆಂಡಿಗೆ ತೆರಳಿದರು. ಕೇಂಬ್ರಿಜ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಪದವಿಯನ್ನು ನೀಡಿತು. ಅವರು ಅತ್ತ ಪರದೇಶದಲ್ಲಿದ್ದಾಗಲೇ, ಇತ್ತ ಜುಲೈ 26ರಂದು ಕೊಲ್ಹಾಪುರದಲ್ಲಿ ಅವರ ಆಜ್ಞೆಯೊಂದು ಪ್ರಕಟವಾಯಿತು. ಅಂದಿನಿಂದ ಖಾಲಿಯಾಗುವ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗದವರಿಗೇ ಕೊಡತಕ್ಕದ್ದೆಂಬುದು ಅದರ ಸಾರ. ಆಗಲೇ ಮುಂದುವರಿದಿದ್ದ ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮೊದಲಾದವರನ್ನು ಬಿಟ್ಟು ಉಳಿದವರೆಲ್ಲರೂ ಹಿಂದುಳಿದವರೆಂದು ಅಲ್ಲಿ ಹೇಳಲಾಗಿದ್ದಿತು. ನಮ್ಮ ದೇಶದ ಮೀಸಲಾತಿಯ ಇತಿಹಾಸವನ್ನು ಬರೆಯುವವರು ಈ ಆಜ್ಞೆಯನ್ನು ಮೊದಲಲ್ಲಿಯೇ ಉಲ್ಲೇಖಿಸುವರು.

ಈ ಆಜ್ಞೆಯ ಹಿಂದಿನ ತರ್ಕವು ಸರಳವಾದುದು. ಓದಿದ ಮಗನು ಉದ್ಯೋಗವಿಲ್ಲದೆ ಊರಿಗೆ ಮರಳಿದರೆ, ಅವನನ್ನು ಕಂಡ ನೆರೆಹೊರೆಯವರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿ ದನ ಕಾಯಲು ಕಳುಹಿಸುವರು. ಒಬ್ಬನಿಗೆ ಕೆಲಸ ಸಿಕ್ಕರೆ ಹತ್ತು ಮನೆಯವರು ಮಕ್ಕಳ ಕೈಗೆ ಪಾಟಿಯನ್ನು ಕೊಡುವರು. ಆಜ್ಞೆಯನ್ನು ಹಲವರು ಕಟುವಾಗಿ ಟೀಕಿಸಿದರು, ಯೋಗ್ಯತೆಗೆ ಹಾನಿಯಾಯಿತೆಂದು ಗೋಳಿಟ್ಟರು. ಅರಸರು ಹಿಂಜರಿಯಲಿಲ್ಲ. ಹತ್ತು ವರ್ಷಗಳ ತರುವಾಯ, 1912ರಲ್ಲಿ, 95 ಹುದ್ದೆಗಳಲ್ಲಿ ಬ್ರಾಹ್ಮಣ ಅಧಿಕಾರಿಗಳು 35 ಜನವಿದ್ದರು. ಉಳಿದ ಹುದ್ದೆಗಳಲ್ಲಿ ಇತರ ಸಮಾಜಗಳವರು ಕುಳಿತಿದ್ದರು. ರಾಜ್ಯದ ಆಡಳಿತವೇನೂ ಕುಸಿದು ಬೀಳಲಿಲ್ಲ.

ಮನೆಮನೆಗೂ ಅಕ್ಷರ

ನಿಲಯಗಳಿಂದ ನೂರಾರು ಹುಡುಗರು ಮೇಲೆ ಬಂದರು. ಆದರೆ ಹಳ್ಳಿಗಳಲ್ಲಿ ಅಕ್ಷರದ ಮುಖವನ್ನೇ ಕಾಣದವರು ಲಕ್ಷಾಂತರ ಜನ. ಬುಡಕ್ಕೆ ನೀರೆರೆಯದೆ ತುದಿಗೆ ಚಿಮುಕಿಸಿದರೆ ಗಿಡವು ಬೆಳೆಯದೆಂದರಿತ ಅರಸರು ಪ್ರಾಥಮಿಕ ಶಿಕ್ಷಣದ ಕಡೆಗೆ ತಿರುಗಿದರು. ಬಡೋದೆಯ ಸಯಾಜಿರಾವ ಗಾಯಕವಾಡರು 1906ರಲ್ಲಿಯೇ ತಮ್ಮ ರಾಜ್ಯದಲ್ಲೆಲ್ಲ ಕಡ್ಡಾಯ ಶಿಕ್ಷಣವನ್ನು ತಂದಿದ್ದರು. ಗೋಪಾಲಕೃಷ್ಣ ಗೋಖಲೆಯವರು ಇಂತಹುದೇ ಮಸೂದೆಯೊಂದನ್ನು 1911ರಲ್ಲಿ ಆಂಗ್ಲ ಸರಕಾರದ ಶಾಸನಸಭೆಯಲ್ಲಿ ಮಂಡಿಸಿದರು. ಅದು ಬಿದ್ದುಹೋಯಿತು. ವಿಶಾಲ ಸಾಮ್ರಾಜ್ಯವು ಹಣವಿಲ್ಲವೆಂದು ಕೈಬಿಟ್ಟ ಕಾರ್ಯವನ್ನು ಚಿಕ್ಕ ಕೊಲ್ಹಾಪುರವು 1917ರಲ್ಲಿ ಕೈಗೆತ್ತಿಕೊಂಡಿತು.

ಆ ವರ್ಷದ ಆಜ್ಞೆಯಂತೆ ಪ್ರಾಥಮಿಕ ಶಿಕ್ಷಣವು ಸಂಸ್ಥಾನದಲ್ಲಿ ಉಚಿತವೂ ಕಡ್ಡಾಯವೂ ಆಯಿತು. ಮಕ್ಕಳನ್ನು ಶಾಲೆಗೆ ಕಳುಹಿಸದ ತಂದೆತಾಯಿಗಳಿಗೆ ತಿಂಗಳಿಗೆ ಒಂದು ರೂಪಾಯಿ ದಂಡವನ್ನು ವಿಧಿಸಲಾಯಿತು. ಒಂದು ರೂಪಾಯಿಯು ಆ ಕಾಲದಲ್ಲಿ ಬಡವನಿಗೆ ಚಿಕ್ಕ ಮೊತ್ತವಲ್ಲ. 1918ರ ಮಾರ್ಚ್‌ನಲ್ಲಿ ಚಿಖಲಿ ಎಂಬ ಹಳ್ಳಿಯಲ್ಲಿ ಇಂತಹ ಮೊದಲ ಶಾಲೆಯು ಆರಂಭವಾಗಿ, ಬಳಿಕ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಪ್ರಾಥಮಿಕ ಶಿಕ್ಷಣದ ವೆಚ್ಚವು ರಾಜ್ಯದ ಪ್ರಮಾಣಕ್ಕೆ ಬಹು ಭಾರವಾದುದು. ಆ ಭಾರವನ್ನು ಅರಸರು ನಷ್ಟವೆಂದು ಎಣಿಸಲಿಲ್ಲ. ಭೂಮಿಗೆ ಬಿತ್ತಿದ ಕಾಳು ಕಳೆದುಹೋಯಿತೆಂದು ಯಾವ ಒಕ್ಕಲಿಗನೂ ಅಳುವುದಿಲ್ಲವಷ್ಟೆ.

ಅರಮನೆಯೊಳಗೂ ಅವರು ಇದೇ ನಿಯಮವನ್ನು ನಡೆಸಿದರು. 1918ರಲ್ಲಿ ಅವರ ಕಿರಿಯ ಮಗ ಶಿವಾಜಿಯು ಬೇಟೆಯ ಸಮಯದ ಅಪಘಾತದಲ್ಲಿ ಮಡಿದನು. ಸೊಸೆ ಇಂದುಮತಿದೇವಿಗೆ ಆಗ ಹನ್ನೆರಡರ ಸುಮಾರು ವಯಸ್ಸು. ವಿಧವೆಯಾದ ರಾಜಕುಲದ ಹೆಣ್ಣು ಪರದೆಯ ಹಿಂದೆ ಕುಳಿತು ಆಯುಷ್ಯವನ್ನು ಕಳೆಯಬೇಕೆಂಬುದು ಆಗಿನ ರೂಢಿ. ಪುತ್ರಶೋಕದ ನಡುವೆಯೂ ಮಹಾರಾಜರು ಆ ರೂಢಿಯನ್ನು ಮುರಿದು, ಬಂಧುಗಳ ವಿರೋಧವನ್ನೂ ಲೆಕ್ಕಿಸದೆ, ಸೊಸೆಗೆ ಶಿಕ್ಷಕರನ್ನು ನೇಮಿಸಿ ವಿದ್ಯಾಭ್ಯಾಸ ಮಾಡಿಸಿದರು. ಪರರ ಹೆಣ್ಣುಮಕ್ಕಳಿಗೆ ಹೇಳಿದ ಧರ್ಮವನ್ನು ತಮ್ಮ ಮನೆಯ ಹೆಣ್ಣುಮಗಳ ವಿಷಯದಲ್ಲಿ ಮರೆಯಲಿಲ್ಲ. ವಿಧವಾವಿವಾಹಕ್ಕೂ ಅಂತರ್ಜಾತೀಯ ವಿವಾಹಕ್ಕೂ ಮನ್ನಣೆ ಕೊಡುವ ಕಾಯಿದೆಗಳನ್ನು ಅವರು ಮಾಡಿದುದೂ ಈ ವರ್ಷಗಳಲ್ಲಿಯೇ.

ಬಿಟ್ಟಿ ಚಾಕರಿಯ ಬಿಡುಗಡೆ

ಶಾಲೆಯು ಊರಿಗೆ ಬಂದಿತು, ಫೀಯೂ ಇಲ್ಲವಾಯಿತು. ಆದರೂ ಮಹಾರ ಕೇರಿಯ ಹುಡುಗರು ಶಾಲೆಗೆ ಸರಿಯಾಗಿ ಬರಲಾರರು. ಇದರ ಕಾರಣವನ್ನು ಅರಸರು ಶೋಧಿಸಿದರು. ಮಹಾರರಿಗೆ ಊರಿನ ಸೇವೆಗಾಗಿ ವತನದ ತುಂಡುಭೂಮಿಯಿದ್ದಿತು. ವಂಶ ಬೆಳೆದಂತೆಲ್ಲ ಆ ಭೂಮಿಯು ಹತ್ತಾರು ಪಾಲಾಗಿ ಯಾರಿಗೂ ಸಾಲದಾಯಿತು. ಸೇವೆ ಮಾತ್ರ ಇಡೀ ಕುಲದ ತಲೆಗೆ ಕಟ್ಟಿದ್ದಿತು. ಯಾವ ಹೊತ್ತಿನಲ್ಲಿ ಯಾರು ಕರೆದರೂ ಓಡಬೇಕು, ಹೊರೆ ಹೊರಬೇಕು, ಪರವೂರಿಗೆ ಓಲೆ ಒಯ್ಯಬೇಕು. ಇಂತಹ ಮನೆಯಲ್ಲಿ ಹುಟ್ಟಿದ ಹುಡುಗನ ಕೈಯಲ್ಲಿ ಪಾಟಿಯು ಎಷ್ಟು ದಿನ ನಿಂತೀತು?

1918ರಲ್ಲಿ ಮಹಾರಾಜರು ಆ ವತನ ಪದ್ಧತಿಯನ್ನೇ ರದ್ದುಗೊಳಿಸಿದರು. ಭೂಮಿಯನ್ನು ಅದನ್ನು ಉಳುವವರ ಹೆಸರಿಗೇ ಬರೆದುಕೊಟ್ಟು, ಇತರ ರೈತರಂತೆ ಕಂದಾಯ ತೆತ್ತು ಸ್ವತಂತ್ರರಾಗಿ ಬಾಳುವಂತೆ ಮಾಡಿದರು. ವಂಶಪರಂಪರೆಯ ಕುಲಕರ್ಣಿ ವತನವನ್ನೂ ತೆಗೆದು ಸಂಬಳದ ತಲಾಠಿಗಳನ್ನು ನೇಮಿಸಿದರು. ಆ ಹುದ್ದೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ದೊರೆತವು. ಅಪರಾಧಿಗಳೆಂದು ಹೆಸರಿಟ್ಟ ಕೆಲವು ಜಾತಿಯವರು ದಿನವೂ ಅಧಿಕಾರಿಯ ಮುಂದೆ ಹಾಜರಿ ಕೊಡಬೇಕಾಗಿದ್ದ ಕ್ರೂರ ನಿಯಮವೂ ಅಳಿಯಿತು. ಬಿಟ್ಟಿ ಚಾಕರಿಯನ್ನು ಕಾಯಿದೆಯಿಂದ ನಿಷೇಧಿಸಲಾಯಿತು. ಬಾವಿ, ಧರ್ಮಶಾಲೆ, ದವಾಖಾನೆ, ಶಾಲೆ, ಸರಕಾರಿ ಕಟ್ಟಡ ಈ ಸಾರ್ವಜನಿಕ ಸ್ಥಳಗಳಲ್ಲಿ ಅಸ್ಪೃಶ್ಯತೆಯನ್ನು ಆಚರಿಸಕೂಡದೆಂದು 1919ರಲ್ಲಿ ಆಜ್ಞೆಯಾಯಿತು.

ಕಾಯಿದೆಯು ಕಾಗದದ ಮೇಲಿರುವುದು, ರೂಢಿಯು ಜನರ ಮನಸ್ಸಿನಲ್ಲಿರುವುದು. ಮನಸ್ಸನ್ನು ತಿದ್ದಲು ಅರಸರು ಸ್ವತಃ ನಡೆದು ತೋರಿಸಿದರು. ಅರಮನೆಯ ಕುದುರೆಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ಮಹಾರ ಸೇವಕನಿದ್ದನು. ಮೇಲುಜಾತಿಯವರ ನೀರಿನ ತೊಟ್ಟಿಯನ್ನು ಮುಟ್ಟಿದನೆಂದು ಜೊತೆಯ ನೌಕರರು ಆತನನ್ನು ನಿರ್ದಯವಾಗಿ ಹೊಡೆದರು. ಹೊಡೆದವರು ಅರಸರ ಸ್ವಜಾತಿಯವರೇ ಆದ ಮರಾಠರು. ಮಹಾರಾಜರು ಪಕ್ಷಪಾತ ಮಾಡದೆ ಅವರನ್ನು ದಂಡಿಸಿದರು. ಗಂಗಾರಾಮನಿಗೆ ತಾವೇ ಹಣ ಕೊಟ್ಟು ಪೇಟೆಯಲ್ಲಿ ಒಂದು ಚಹದ ಅಂಗಡಿಯನ್ನು ಹಾಕಿಸಿದರು. ಮಹಾರನ ಅಂಗಡಿಯ ಚಹವನ್ನು ಕುಡಿಯುವವರಾರು? ಅಂಗಡಿಯು ಬರಿದಾಗಿಯೇ ಇದ್ದಿತು. ಇದನ್ನು ಕೇಳಿದ ಮಹಾರಾಜರು ತಮ್ಮ ಸಾರೋಟನ್ನು ಆ ಅಂಗಡಿಯ ಮುಂದೆಯೇ ನಿಲ್ಲಿಸತೊಡಗಿದರು. ತಾವೂ ಚಹ ಕುಡಿದು, ಜೊತೆಯಲ್ಲಿದ್ದ ಅಧಿಕಾರಿಗಳಿಗೂ ಸರದಾರರಿಗೂ ಕುಡಿಸಿದರು. ಛತ್ರಪತಿಯೇ ಬಟ್ಟಲೆತ್ತಿದ ಮೇಲೆ ಉಳಿದವರು ಬೇಡವೆನ್ನುವುದೆಂತು?

ಈ ಪ್ರಸಂಗದ ಸ್ವಾರಸ್ಯವು ದಯೆಗಿಂತಲೂ ವಿವೇಕದಲ್ಲಿದೆ. ಹೊಡೆಸಿಕೊಂಡವನ ಕೈಗೆ ನಾಲ್ಕು ಕಾಸು ಕೊಟ್ಟು ಸಮಾಧಾನ ಪಡಿಸುವುದು ಯಾವ ಅರಸನಿಗೂ ಕಷ್ಟವಲ್ಲ. ಶಾಹು ಮಹಾರಾಜರು ಆತನಿಗೆ ಕಾಯಕವನ್ನು ಕೊಟ್ಟರು, ಆ ಕಾಯಕಕ್ಕೆ ಊರಿನಲ್ಲಿ ಮಾನವನ್ನು ಕೊಡಿಸಿದರು.

ಕೊನೆಯ ವರ್ಷಗಳು

1919ರ ಏಪ್ರಿಲ್‌ನಲ್ಲಿ ಕಾನಪುರದಲ್ಲಿ ಸೇರಿದ ಕುರ್ಮಿ ಸಮಾಜದ ಮಹಾಸಭೆಯು ಅವರಿಗೆ ರಾಜರ್ಷಿಯೆಂಬ ಬಿರುದನ್ನಿತ್ತಿತು. ಮುಂಬಯಿಯಲ್ಲಿದ್ದ ತರುಣ ವಿದ್ವಾಂಸ ಡಾ. ಭೀಮರಾವ ಅಂಬೇಡಕರರ ಪರಿಚಯವೂ ಇದೇ ಸುಮಾರಿಗೆ ಆಯಿತು. 1920ರ ಜನವರಿಯಲ್ಲಿ ಆರಂಭವಾದ ಅಂಬೇಡಕರರ ಮೂಕನಾಯಕ ಪತ್ರಿಕೆಗೆ ಮಹಾರಾಜರು 2500 ರೂಪಾಯಿಗಳನ್ನು ಸಹಾಯವಾಗಿ ಕೊಟ್ಟರು. ಅದೇ ಮಾರ್ಚ್ 21 ಮತ್ತು 22ರಂದು ಸಂಸ್ಥಾನದ ಮಾಣಗಾವದಲ್ಲಿ ಸೇರಿದ ಅಸ್ಪೃಶ್ಯರ ಪರಿಷತ್ತಿಗೆ ಸ್ವತಃ ಬಂದು, ನಿಮ್ಮವನೇ ಆದ ಮುಂದಾಳು ನಿಮಗೆ ದೊರೆತಿರುವನೆಂದು ಅಲ್ಲಿದ್ದ ಜನರಿಗೆ ತಿಳಿಹೇಳಿದರು. ಕೈಹಿಡಿದು ನಡೆಸುವವನು ಒಂದು ದಿನ ಕೈಬಿಡಲೂ ಸಿದ್ಧನಿರಬೇಕು, ನಡೆಯಲು ಕಲಿತವನು ತಾನೇ ಮುಂದೆ ನಡೆಯಬೇಕು ಎಂಬುದನ್ನು ಅವರು ಅರಿತಿದ್ದರು. ಆ ವರ್ಷವೇ ಜುಲೈನಲ್ಲಿ ಅವರು ಹುಬ್ಬಳ್ಳಿಗೆ ಬಂದು ಕರ್ನಾಟಕದ ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಿದರು.

ಇಷ್ಟು ಕಾರ್ಯವು ವಿರೋಧವಿಲ್ಲದೆ ನಡೆಯಲಿಲ್ಲ. ಪತ್ರಿಕೆಗಳ ನಿಂದೆ, ಆಪ್ತರ ಅಸಮಾಧಾನ, ಪುತ್ರವಿಯೋಗ, ಕೆಡುತ್ತಿದ್ದ ದೇಹಸ್ಥಿತಿ ಇವುಗಳೆಲ್ಲದರ ನಡುವೆ ಅವರು ದುಡಿದರು. 1922ರ ಮೇ 6ರಂದು ಮುಂಬಯಿಯಲ್ಲಿ ಅವರ ದೇಹಾವಸಾನವಾಯಿತು. ಮಗ ರಾಜಾರಾಮ ಮಹಾರಾಜರು ಗಾದಿಗೆ ಬಂದರು.

ಬೆಳೆದ ಫಲ

ಬಿತ್ತಿದವರು ಹೋದರು, ಬೆಳೆಯು ನಿಂತಿತು. ಭೋಗಾವತಿ ನದಿಗೆ ಅವರು ಕಟ್ಟಿಸತೊಡಗಿದ ರಾಧಾನಗರಿಯ ಅಣೆಕಟ್ಟು ಹಣದ ಕೊರತೆಯಿಂದ ಅರ್ಧಕ್ಕೆ ನಿಂತು, ಅವರ ಕಾಲಾನಂತರ ಪೂರ್ಣವಾಗಿ ಆ ಸೀಮೆಯ ಹೊಲಗಳಿಗೆ ನೀರುಣಿಸಿತು. ಅವರು ಆಶ್ರಯವಿತ್ತ ಜೈನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿ, ಮಹಾರಾಷ್ಟ್ರದ ಹಳ್ಳಿಹಳ್ಳಿಗೆ ಶಾಲೆಯನ್ನು ಒಯ್ದರು. ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಸೂರಿನಡಿಯಲ್ಲಿ ಇರಿಸಿ ಓದಿಸಿದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಆ ನಿಲಯಕ್ಕೆ ಶಾಹು ಮಹಾರಾಜರ ಹೆಸರನ್ನೇ ಇಟ್ಟರು. ಜಾತಿಗೊಂದರಂತೆ ಆರಂಭವಾದ ನಿಲಯಗಳ ಮೆಟ್ಟಿಲನ್ನು ಹತ್ತಿದವರೊಬ್ಬರು ಎಲ್ಲರೂ ಒಂದಾಗಿ ಉಣ್ಣುವ ಮನೆಯನ್ನು ಕಟ್ಟಿದರು. ಅಂದಿನ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿರಲಾರದು.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕೆಂದು ಭಾರತದ ಸಂವಿಧಾನದಲ್ಲಿ ಸೇರಿದುದು 2002ರಲ್ಲಿ. ಅದರ ಕಾಯಿದೆಯು 2009ರಲ್ಲಿ ಆಯಿತು. ಕೊಲ್ಹಾಪುರದ ಆಜ್ಞೆಯಿಂದ ಇಲ್ಲಿಗೆ 85 ವರ್ಷಗಳ ದಾರಿಯನ್ನು ದೇಶವು ಸವೆಸಬೇಕಾಯಿತು. ಮಹಾರಾಜರ ಜನ್ಮದಿನವಾದ ಜೂನ್ 26ನ್ನು ಮಹಾರಾಷ್ಟ್ರದಲ್ಲಿ ಸಾಮಾಜಿಕ ನ್ಯಾಯದ ದಿನವೆಂದು ಆಚರಿಸುವರು.

ಶರಣರ ಮಾರ್ಗದಲ್ಲಿ ನಡೆಯುವ ಸಂಸಾರಿಗಳಿಗೆ ಈ ಚರಿತ್ರೆಯಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ದುಡಿದುದರಲ್ಲಿ ಹಂಚಿ ಉಣ್ಣಬೇಕೆಂಬುದನ್ನೂ ಹುಟ್ಟಿನಿಂದ ಯಾರೂ ಕೀಳಲ್ಲವೆಂಬುದನ್ನೂ ನಾವು ಕೇಳುತ್ತಲೇ ಬಂದಿದ್ದೇವೆ. ಕೇಳಿದುದನ್ನು ನಡೆಯಲ್ಲಿ ತರುವುದೆಂತೆಂಬುದನ್ನು ಮಾತ್ರ ಈ ಅರಸರಿಂದ ಕಲಿಯಬೇಕು. ಶಾಲೆಗೆ ದಾನವಿತ್ತವನು ಆ ಶಾಲೆಯ ಹೊಸ್ತಿಲಲ್ಲಿ ಯಾರು ನಿಂತುಬಿಟ್ಟಿದ್ದಾರೆಂದು ಒಮ್ಮೆ ಹೊರಗೆ ಬಂದು ನೋಡಬೇಕು. ಪ್ರಸಾದನಿಲಯಕ್ಕೆ ಒಂದು ಚೀಲ ಜೋಳವನ್ನು ಕಳುಹಿಸುವ ಗೃಹಸ್ಥನು ತನ್ನ ಹೊಲದಲ್ಲಿ ದುಡಿಯುವವನ ಮಗನು ಶಾಲೆಗೆ ಹೋಗುತ್ತಿರುವನೇ ಎಂದು ವಿಚಾರಿಸಬೇಕು. ಹೋಗದಿದ್ದರೆ ಅವನ ದಾರಿಗೆ ಅಡ್ಡವಾಗಿರುವುದು ಅನ್ನವೋ, ಅರಿವೆಯೋ, ತನ್ನ ಮನೆಯ ಕೆಲಸವೋ ಎಂಬುದನ್ನು ಅರಸಿ ಆ ಅಡ್ಡಿಯನ್ನು ತೆಗೆಯಬೇಕು. ಸಾರೋಟಿನಿಂದ ಇಳಿದು ಬಡವನ ಅಂಗಡಿಯ ಬಟ್ಟಲನ್ನು ಕೈಯಲ್ಲಿ ಹಿಡಿದ ಛತ್ರಪತಿಯ ನೆನಪು ನಮ್ಮನ್ನು ಅಷ್ಟಾದರೂ ನಡೆಸಲಿ.